ಬೆಸುಗೆಯ ಸೆಳೆತ

1957ರಲ್ಲಿ ಇಂಗ್ಲೆಂಡಿನ ಲೋಟಸ್ ಕಂಪನಿಯು 'ಸೆವೆನ್' ಎಂಬ ಹಗುರವಾದ ಕಾರನ್ನು ಹೊರತಂದಿತು. ಉಕ್ಕಿನ ತೆಳು ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟೇ ಅದರ ಬೆನ್ನೆಲುಬು. ಅಂಥ ಚೌಕಟ್ಟನ್ನು ಮನೆಯಲ್ಲಿಯೇ ಕಟ್ಟುವ ಬಗೆಯನ್ನು ರಾನ್ ಚಾಂಪಿಯನ್ನರ ಪುಸ್ತಕವು 1996ರಲ್ಲಿ ವಿವರಿಸಿದ ಮೇಲೆ ಹವ್ಯಾಸಿಗಳು ಅನೇಕರು ಈ ಕೆಲಸಕ್ಕೆ ಕೈಹಾಕಿದರು. ಚೌಕಟ್ಟು ಸೊಟ್ಟಗಾಗದಂತೆ ನೋಡಿಕೊಳ್ಳುವುದೇ ಇದರಲ್ಲಿನ ಕಷ್ಟ. ಅದರ ಕಾರಣವನ್ನು ನಾವೀಗ ವಿಚಾರಿಸೋಣ.

ಒಂದು ಮೀಟರ್ ಉದ್ದದ ಉಕ್ಕಿನ ಉಷ್ಣತೆಯನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಿದರೆ ಅದು ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಬೆಸುಗೆಯ ಸ್ಥಳದಲ್ಲಿಯಾದರೋ ಉಕ್ಕು ಕರಗಿಯೇ ಹೋಗುತ್ತದೆ. ಆದರೆ ಸುತ್ತಲಿನ ತಣ್ಣನೆಯ ಲೋಹವು ಕಾದ ಭಾಗವನ್ನು ಹಿಗ್ಗಗೊಡುವುದಿಲ್ಲ. ಮೆತ್ತಗಾದ ಆ ಭಾಗವು ಒತ್ತಡಕ್ಕೆ ಸಿಕ್ಕಿ ದಪ್ಪಗಾಗುತ್ತದೆ. ಆರುವಾಗ ಅದು ಮೊದಲಿಗಿಂತ ಗಿಡ್ಡವಾಗಿ, ಕೊಳವೆಯನ್ನು ತನ್ನ ಕಡೆಗೆ ಬಾಗಿಸುತ್ತದೆ.

ಆದುದರಿಂದ ಕೊಳವೆಗಳನ್ನು ಸಮತಟ್ಟಾದ ಹಲಗೆಯ ಮೇಲೆ ಬಿಗಿದು, ಸಂಧಿಗಳಿಗೆಲ್ಲ ಮೊದಲು 'ಟ್ಯಾಕ್' ಎಂಬ ಚಿಕ್ಕ ಬೆಸುಗೆಯನ್ನಷ್ಟೇ ಹಾಕಬೇಕು. ಎದುರುಬದುರಿನ ಬಾಹುಗಳು ಸಮವಾಗಿದ್ದು ಕರ್ಣಗಳೂ ಸಮವಾಗಿದ್ದರೆ ಆಯತವು ಸರಿಯೆಂದು ರೇಖಾಗಣಿತದಲ್ಲಿ ಓದಿದ್ದೇವಷ್ಟೆ. ಆದರೆ ಚೌಕಟ್ಟು ತಿರುಚಿದ್ದರೂ ಕರ್ಣಗಳು ಸಮವಾಗಿರಬಹುದು! ಬಿಗಿತವನ್ನು ಸಡಿಲಿಸಿದಾಗ ನಾಲ್ಕು ಮೂಲೆಗಳೂ ಹಲಗೆಯನ್ನು ಮುಟ್ಟುತ್ತವೆಯೇ ಎಂದು ನೋಡಲೇಬೇಕು. ತಪ್ಪು ಕಂಡರೆ ಟ್ಯಾಕನ್ನು ಕೊಯ್ದು ತಿದ್ದಬಹುದು. ಬಳಿಕ ಮತ್ತೆ ಬಿಗಿದು, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬೆಸೆಯುತ್ತ ಹೋದರೆ ಒಂದರ ಸೆಳೆತವನ್ನು ಇನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತದೆ.

ತಿರುಚಿದ ಚೌಕಟ್ಟಿನಲ್ಲಿ ಚಕ್ರಗಳ ಮೇಲಿನ ಭಾರವು ಸರಿಯಾಗಿ ಹಂಚಿಕೆಯಾಗದು. ಬ್ರೇಕು ಹಾಕಿದೊಡನೆ ಕಾರು ಪಕ್ಕಕ್ಕೆ ಎಳೆಯಬಹುದು. ಕೊಟ್ಟಿಗೆಯಲ್ಲಿ ಅಳತೆಗೆ ಬೇಸರಪಟ್ಟವನು ರಸ್ತೆಯಲ್ಲಿ ಪ್ರಾಣವನ್ನೇ ಪಣವಾಗಿಡಬೇಕಾದೀತು.