ಕೇಳುವುದಕ್ಕಾಗಿ ಕಟ್ಟಿದ ಮನೆ

ರಾಜೂರ, ಗಜೇಂದ್ರಗಡಗಳ ಕಡೆಯಲ್ಲಿ ಬೆಳೆದವರಿಗೆ ಗುಡಿಯೆಂದರೆ ಹೇಗಿರಬೇಕೆಂಬುದನ್ನು ಯಾರೂ ಕಲಿಸಬೇಕಾದುದಿಲ್ಲ. ಸಮೀಪದ ಸೂಡಿಯಲ್ಲಿ 11ನೆಯ ಶತಮಾನದ ಜೋಡುಕಳಸದ ಗುಡಿಯಿರುತ್ತದೆ. ಬಿಸಿಲಿನ ಅಂಗಳದಿಂದ ಕಂಬಗಳ ಮಂಟಪಕ್ಕೆ, ಮಂಟಪದಿಂದ ಮಬ್ಬುಗತ್ತಲೆಯ ಗರ್ಭಗುಡಿಗೆ ನಮ್ಮ ಕಣ್ಣು ತಾನಾಗಿಯೇ ಸಾಗುವುದು. ಅದು ದರ್ಶನಕ್ಕಾಗಿ ಕಟ್ಟಿದ ಮನೆ. ಈ ಸೀಮೆಯಲ್ಲಿಯೇ 19ನೆಯ ಶತಮಾನದಲ್ಲಿ ಇನ್ನೊಂದು ಬಗೆಯ ದೇವಾಲಯವು ತಲೆಯೆತ್ತಿತು. ಅದು ಶ್ರವಣಕ್ಕಾಗಿ ಕಟ್ಟಿದ ಮನೆ. ಪ್ರಾಟೆಸ್ಟಂಟ್ ಕ್ರೈಸ್ತರ ಈ ಪ್ರಾರ್ಥನಾಲಯದ ಕಥೆಯನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಘದವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಘಟ್ಟವನ್ನು ಹತ್ತಿ 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಗದಗಿನ ಮಗ್ಗುಲ ಬೆಟಗೇರಿಯಲ್ಲಿಯೂ ನೆಲೆ ಮಾಡಿದರು. ರಾಜೂರ ಸೀಮೆಗೆ ವಾಯವ್ಯದಲ್ಲಿರುವ ಗುಳೇದಗುಡ್ಡವನ್ನು ಸೇರಿದ್ದು 1851ರಲ್ಲಿ.

ಇವುಗಳ ನಡುವೆ ಗದಗಿನ ಹತ್ತಿರದ ಮಲ್ಲಸಮುದ್ರವೆಂಬ ಹಳ್ಳಿಯ ಹೆಸರೂ ಬರುತ್ತದೆ. ಆ ಕಾಲದಲ್ಲಿ ಈ ನಾಡಿನಲ್ಲಿ ಕಾಲಜ್ಞಾನಿಗಳೆಂಬ ಪಂಥದವರಿದ್ದರು. ಪರದೇಶದಿಂದ ಗುರುಗಳು ಬರುವರೆಂದು ತಮ್ಮ ಕಾಲಜ್ಞಾನದಲ್ಲಿ ಹೇಳಿದೆಯೆಂದು ನಂಬಿ, ಅವರು ಮಿಶನರಿಗಳನ್ನು ಅರಸಿ ಬಂದರು. ಮಿಶನರಿಗಳಿಗಾದ ಹರ್ಷಕ್ಕೆ ಪಾರವಿಲ್ಲ. ಇವರೆಲ್ಲರೂ ಕೂಡಿ ಉತ್ತು ಬಿತ್ತು ಬಾಳಲೆಂದು ಮಲ್ಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನು ಏರ್ಪಡಿಸಿದರು. ಆದರೆ ಬರುವರೆಂದು ಕಾದ ಜನವು ಬಂದು ನೆಲೆಸಲಿಲ್ಲ; ಆ ಆಸೆಯು ಕೈಗೂಡಲಿಲ್ಲ. ನಮಗೆ ತೋರುವ ಮಟ್ಟಿಗೆ, ಅವರು ಇವರ ಮಾತಿನಲ್ಲಿ ತಮ್ಮ ಕಾಲಜ್ಞಾನವನ್ನೇ ಕೇಳಿದರು; ಇವರು ಅವರ ಮಾತಿನಲ್ಲಿ ತಮ್ಮ ಹಂಬಲವನ್ನೇ ಕೇಳಿದರು. ಒಬ್ಬರನ್ನೊಬ್ಬರು ಕೇಳಿದವರು ಯಾರೂ ಇಲ್ಲ.

ಮುಂದೆ ನೆಲೆನಿಂತ ಸಭೆಗಳು ದೊಡ್ಡ ಗುಂಪಿನಿಂದಾದವುಗಳಲ್ಲ. ಒಂದೊಂದು ಮನೆಯಾಗಿ ಸೇರಿದವುಗಳು. ಬೆಟಗೇರಿ, ಗುಳೇದಗುಡ್ಡಗಳೆರಡೂ ಮಗ್ಗದ ಊರುಗಳಾದುದರಿಂದ ಈ ಸಭೆಗಳಲ್ಲಿ ನೇಕಾರರ ಮನೆತನಗಳು ಕಾಣಿಸಿಕೊಂಡವು.

ಇನ್ನು ಕಟ್ಟಡದ ವಿಚಾರ. ಈ ಮಿಶನ್ನಿನವರ ಹಳೆಯ ಪ್ರಾರ್ಥನಾಲಯಗಳ ಸಾಮಾನ್ಯ ರೀತಿಯು ಬಹು ಸರಳವಾದುದು. ಉದ್ದನೆಯ ಒಂದೇ ಪಡಸಾಲೆ, ದಪ್ಪ ಗೋಡೆ, ಎರಡೂ ಬದಿಗೆ ಎತ್ತರದ ಕಿಟಕಿಗಳು, ಮೇಲೆ ಇಳಿಜಾರಾದ ಹೆಂಚಿನ ಮಾಡು. ಮೂರ್ತಿಯಿಲ್ಲ, ಗರ್ಭಗುಡಿಯಿಲ್ಲ. ಎದುರಿಗೆ ಕರ್ತನ ಭೋಜನದ ಮೇಜು, ಅದರ ಬಳಿಯಲ್ಲಿ ತುಸು ಎತ್ತರದ ಪ್ರಸಂಗಪೀಠ. ಓದಿದ ವೇದವಾಕ್ಯವೂ ಹೇಳಿದ ಪ್ರಸಂಗವೂ ಹಿಂದಿನ ಸಾಲಿನ ಮುದುಕಿಗೂ ಕೇಳಿಸಬೇಕೆಂಬುದೇ ಇಲ್ಲಿಯ ಶಿಲ್ಪಶಾಸ್ತ್ರ. ನಮ್ಮ ಬಯಲುಸೀಮೆಯ ಮನೆಗಳಿಗೆ ತೊಲೆ ಜಂತಿಗಳ ಮೇಲೆ ಮಣ್ಣು ಹಾಕಿದ ಚಪ್ಪಟೆ ಮಾಳಿಗೆಯೇ ರೂಢಿ. ಇಳಿಜಾರಿನ ಮಾಡಾದರೋ ಮಳೆನಾಡಿನಿಂದ ಬಂದದ್ದು. ಆ ಕೆಂಪು ಹೆಂಚುಗಳ ಕಾರಖಾನೆಯನ್ನು ಇದೇ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೆರೆದರು. ಎತ್ತರದ ಮಾಡಿನೊಳಗೆ ಬಿಸಿಗಾಳಿಯು ಮೇಲಕ್ಕೇರಿ ಹೆಂಚಿನ ಸಂದುಗಳಿಂದ ಹೊರಬೀಳುವುದು. 

ಕೇಳಿಸುವ ಮನೆಯನ್ನು ಕಟ್ಟಿದವರು ಮೊದಲು ತಾವೇ ಕೇಳಬೇಕಾಯಿತು. ಜರ್ಮನ್ ಮಾತಿನ ಪ್ರಸಂಗವು ನೇಕಾರನಿಗೆ ತಿಳಿಯುವುದೆಂತು? ಆದಕಾರಣ ಕನ್ನಡವನ್ನು ಜನರ ಬಾಯಿಂದಲೂ ಹಳೆಯ ಓಲೆಗ್ರಂಥಗಳಿಂದಲೂ ಕಲಿತರು. 1853ರಲ್ಲಿ ಈ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎಪ್ಪತ್ತು ಸಾವಿರದಷ್ಟು ಶಬ್ದಗಳುಳ್ಳ ಆ ಗ್ರಂಥವು ಇಂದು ಕ್ರೈಸ್ತರದಷ್ಟೇ ಅಲ್ಲ, ಕನ್ನಡಿಗರೆಲ್ಲರ ಸ್ವತ್ತು. ಮಲ್ಲಸಮುದ್ರದ ಸೋಲಿಗೆ ಇದಕ್ಕಿಂತ ಒಳ್ಳೆಯ ಪ್ರಾಯಶ್ಚಿತ್ತವುಂಟೇ?

1914ರಲ್ಲಿ ಮಹಾಯುದ್ಧವು ಹೊತ್ತಿಕೊಂಡಾಗ ಜರ್ಮನ್ ಪಾದ್ರಿಗಳು ಸರಕಾರದ ನಿರ್ಬಂಧಕ್ಕೊಳಗಾಗಿ ದೇಶವನ್ನು ಬಿಡಬೇಕಾಯಿತು. ಆದರೂ ಪ್ರಾರ್ಥನಾಲಯಗಳ ಗಂಟೆಯು ನಿಲ್ಲಲಿಲ್ಲ. ಈ ಮಣ್ಣಿನ ಉಪದೇಶಕರೂ ಸಭೆಯ ಹಿರಿಯರೂ ಆರಾಧನೆಯನ್ನು ನಡೆಸಿಕೊಂಡು ಬಂದರು. ಮಿಶನ್ನಿನ ಮನೆಯು ಊರವರ ಮನೆಯಾದುದು ಆಗಲೇ ಎಂದು ನಾವೆನ್ನುತ್ತೇವೆ. ಕಾಲಕ್ರಮದಲ್ಲಿ ಈ ಸೀಮೆಯ ಬಹುಪಾಲು ಸಭೆಗಳು, 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯಲ್ಲಿ ಸೇರಿಕೊಂಡವು.

ಈಗ ಯಾವ ಮತದ ಹಳೆಯ ಆಲಯಕ್ಕಾದರೂ ಒಂದೇ ಭಯ. ಮಾಡು ಸೋರಿದರೆ ಕೆಡವಿ ಸಿಮೆಂಟಿನ ಚಪ್ಪರ ಹಾಕೋಣವೆಂಬುದು ಸುಲಭದ ಮಾತು. ಒಡೆದ ಹೆಂಚನ್ನು ಬದಲಿಸಬಹುದು, ಗೆದ್ದಲು ಹತ್ತಿದ ತೊಲೆಗೆ ಜೋಡು ಕೊಡಬಹುದು, ಗೋಡೆಗೆ ಸುಣ್ಣ ಬಳಿಯಬಹುದು. ಕೆಡವಿದ ಮೇಲೆ ಅಜ್ಜ ಕೂತು ಕೇಳಿದ ತಾವನ್ನು ಮೊಮ್ಮಗನಿಗೆ ತೋರಿಸಲಾದೀತೇ? ಸೂಡಿಯ ಗುಡಿಯು ನಮ್ಮದಾದಂತೆ ಈ ಹೆಂಚಿನ ಮನೆಯೂ ನಮ್ಮದೇ. ಒಂದು ನೋಡುವುದನ್ನು ಕಲಿಸಿತು, ಇನ್ನೊಂದು ಕೇಳುವುದನ್ನು. ಸಂಸಾರವಂದಿಗರಾದ ನಮಗೆ ಎರಡೂ ಬೇಕು.