ನೆಂಟರೂರಿನಲ್ಲಿ ರಜೆ: ಬಿಸಿಲು, ಹೊಳೆ ಮತ್ತು ಬೆಣ್ಣೆ ದೋಸೆ

ಬೇಸಿಗೆ ರಜೆ ಬಂತೆಂದರೆ ಗುತ್ತೂರಿನ ಮನೆಗಳಲ್ಲಿ ಮಕ್ಕಳ ಗಲಾಟೆ ಶುರುವಾಗುತ್ತದೆ. ಹರಿಹರದ ಮಗ್ಗುಲಲ್ಲೇ ಇರುವ ಈ ಊರು ಅತ್ತ ಹಳ್ಳಿಯೂ ಹೌದು, ಇತ್ತ ಪೇಟೆಯೂ ಹೌದು. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಬಸ್ಸಿಗೂ ಬರವಿಲ್ಲ, ರೈಲೂ ಇದೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದಿಳಿದ ಮೊಮ್ಮಕ್ಕಳು ಮರುದಿನ ಬೆಳಿಗ್ಗೆಯೇ ಕೇಳುವ ಪ್ರಶ್ನೆ ಒಂದೇ: "ಅಜ್ಜಾ, ಇವತ್ತು ಎಲ್ಲಿಗೆ?"

ನೋಡುವ ಜಾಗಗಳಿಗೆ ಇಲ್ಲಿ ಕೊರತೆಯಿಲ್ಲ. ಹರಿಹರೇಶ್ವರ ದೇವಾಲಯ, ತುಂಗಭದ್ರೆಯ ದಡ, ಕೊಂಡಜ್ಜಿ ಕೆರೆ, ದಾವಣಗೆರೆಯ ಕುಂದವಾಡ ಕೆರೆ ಮತ್ತು ಗಾಜಿನ ಮನೆ, ಆನಗೋಡಿನ ಕಿರು ಮೃಗಾಲಯ ಎಲ್ಲವೂ ಹತ್ತಿರದಲ್ಲೇ ಇವೆ. ತೊಂದರೆ ಬರುವುದು ಇವೆಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಟಾಗ. ನಾಲ್ಕು ವರ್ಷದ ಮಗುವಿಗೂ ಎಪ್ಪತ್ತು ದಾಟಿದ ಅಜ್ಜಿಗೂ ನಿಮ್ಮಷ್ಟು ತಾಳಿಕೆ ಇರುವುದಿಲ್ಲ. ಆದ್ದರಿಂದ ಜಾಗಗಳ ಪಟ್ಟಿಯನ್ನು ಬದಿಗಿಟ್ಟು, ಮೊದಲು ಬಿಸಿಲಿನ ವೇಳೆಯನ್ನು ನೋಡಿ. ದಿನಕ್ಕೆ ಎರಡೇ ಜಾಗ ಸಾಕು: ಬೆಳಿಗ್ಗೆ ಒಂದು, ಸಂಜೆ ಒಂದು. ಹನ್ನೊಂದರಿಂದ ನಾಲ್ಕರವರೆಗೆ ನೆರಳು, ಊಟ, ನಿದ್ದೆ.

ಬೆಳಿಗ್ಗೆ ದೇವಾಲಯ

ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಅರಸ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಅವನ ಅಧಿಕಾರಿ ಪೋಲಾಳ್ವ ಕಟ್ಟಿಸಿದ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಮಕ್ಕಳಿಗೆ ಇದನ್ನು ತೋರಿಸಿ, ನುಣುಪಾದ ಕಂಬಗಳನ್ನು ಎಣಿಸಲು ಹೇಳಿ. ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಆದರೆ ಒಂಬತ್ತರ ಒಳಗೆ ಹೋಗಿಬನ್ನಿ. ಬಿಸಿಲೇರಿದ ಮೇಲೆ ಹೊರಗಿನ ಕಲ್ಲುಹಾಸು ಬರಿಗಾಲನ್ನು ಸುಡುತ್ತದೆ. ನಮಗೆ ಬಿಸಿ ತಾಗಿದ ಕೂಡಲೇ ಕಾಲನ್ನು ಎತ್ತುತ್ತೇವೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಅಂಗಾಲಿನ ನರಗಳು ಮಂದವಾಗಿರುತ್ತವೆ. ಬೊಬ್ಬೆ ಎದ್ದರೂ ಅವರಿಗೆ ಗೊತ್ತಾಗದೆ ಹೋಗಬಹುದು. ಆ ಬೊಬ್ಬೆ ಒಡೆದು ಹುಣ್ಣಾಗಿ, ಕೀವು ತುಂಬಿ, ಬೆರಳನ್ನೇ ತೆಗೆಯಬೇಕಾಗಿ ಬಂದ ಉದಾಹರಣೆಗಳನ್ನು ವೈದ್ಯರು ಕಾಣುತ್ತಲೇ ಇರುತ್ತಾರೆ. ಅಂಥ ಹಿರಿಯರಿಗೆ ದಪ್ಪ ಹತ್ತಿಯ ಕಾಲುಚೀಲ ಹಾಕಿಸಿ, ನೆರಳಿನಲ್ಲೇ ನಡೆಸಿ. ರಾತ್ರಿ ಮಲಗುವ ಮುನ್ನ ಮನೆಯವರೇ ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಬೇಕು.

ಹೊಳೆಯ ದಡದಲ್ಲಿ

ದೇವಾಲಯ ಮುಗಿಸಿದ ಮಕ್ಕಳು ಹೊಳೆಗೆ ಹೋಗೋಣ ಎಂದು ಹಟ ಹಿಡಿಯುವುದು ಸಹಜ. ಹೋಗಿ, ನೋಡಿ, ದಡದಲ್ಲಿ ಕೂತು ಬನ್ನಿ. ನೀರಿಗೆ ಮಾತ್ರ ಇಳಿಸಬೇಡಿ. ಬೇಸಿಗೆಯಲ್ಲಿ ಮೇಲಿನಿಂದ ಶಾಂತವಾಗಿ ಕಾಣುವ ಹೊಳೆಯ ತಳದಲ್ಲಿ ಗುಂಡಿಗಳಿರುತ್ತವೆ; ಮೊಣಕಾಲುದ್ದದ ನೀರು ಒಂದು ಹೆಜ್ಜೆಯಲ್ಲಿ ಆಳುದ್ದವಾಗಬಹುದು. ಮಳೆಗಾಲದಲ್ಲಂತೂ ಮೇಲಿನ ಜಲಾಶಯಗಳಿಂದ ನೀರು ಬಿಟ್ಟರೆ, ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ.

ಒಂದು ವಿಷಯ ತಂದೆ ತಾಯಿಯರು ತಿಳಿದಿರಲೇಬೇಕು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಒದ್ದಾಡುವಾಗ ಕೂಗಲು ಉಸಿರೆಲ್ಲಿ? ಅದು ಸದ್ದಿಲ್ಲದೆ, ಒಂದು ನಿಮಿಷದೊಳಗೆ ನೀರಿನ ಕೆಳಗೆ ಹೋಗಬಹುದು. ಹತ್ತು ಜನ ದೊಡ್ಡವರು ದಡದಲ್ಲಿದ್ದಾಗ ಪ್ರತಿಯೊಬ್ಬರೂ "ಬೇರೆಯವರು ನೋಡುತ್ತಿದ್ದಾರೆ" ಎಂದುಕೊಳ್ಳುತ್ತಾರೆ. ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ಆದ್ದರಿಂದ "ಈಗ ಅರ್ಧ ಗಂಟೆ ಮಕ್ಕಳು ನಿನ್ನ ಪಾಲು" ಎಂದು ಒಬ್ಬರ ಹೆಸರು ಹಿಡಿದು ಹೇಳಿ. ಅವರ ಕೈಯಲ್ಲಿ ಮೊಬೈಲ್ ಇರಕೂಡದು.

ಯಾರಾದರೂ ನೀರಿಗೆ ಬಿದ್ದರೆ, ಈಜು ಬಾರದವರು ಹಿಂದೆಯೇ ಹಾರಬೇಡಿ. ಹೀಗೆ ಹಾರಿ ಒಂದೇ ಮನೆಯ ಇಬ್ಬರು, ಮೂವರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನೀವೂ ಓದಿದ್ದೀರಿ. ದಡದಿಂದಲೇ ಸೀರೆ, ಹಗ್ಗ, ಉದ್ದನೆಯ ಕೋಲು ಚಾಚಿ. ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆದರೂ ಆಸರೆಯಾಗುತ್ತದೆ. ಮೇಲೆತ್ತಿದ ಮೇಲೆ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಅದರಿಂದ ಅಮೂಲ್ಯ ಸಮಯ ಹಾಳು. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಂತರ ಎದೆಯ ನಡುವೆ 30 ಬಾರಿ ಒತ್ತುವುದು, 2 ಬಾರಿ ಉಸಿರು ಕೊಡುವುದು, ಹೀಗೆ ನೆರವು ಬರುವ ತನಕ ಬಿಡದೆ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ತೋರಿಸಲೇಬೇಕು.

ಬೆಣ್ಣೆ ದೋಸೆ, ಮಂಡಕ್ಕಿ, ಮಿರ್ಚಿ

ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ನಬೇಡಿ ಎಂದರೆ ಯಾರು ಕೇಳುತ್ತಾರೆ? ತಿನ್ನಿ. ಕಾದ ಕಾವಲಿಯಿಂದ ನೇರ ತಟ್ಟೆಗೆ ಬಂದ ದೋಸೆ ಹೊಟ್ಟೆ ಕೆಡಿಸುವುದು ಕಡಿಮೆ. ಕೆಡಿಸುವುದು ಬೆಳಿಗ್ಗೆ ರುಬ್ಬಿ ಮಧ್ಯಾಹ್ನದವರೆಗೆ ಬಿಸಿಲ ಧಗೆಯಲ್ಲಿಟ್ಟ ತೆಂಗಿನಕಾಯಿ ಚಟ್ನಿ, ಗೊತ್ತಿಲ್ಲದ ನೀರು, ತೆರೆದಿಟ್ಟ ಹೆಚ್ಚಿದ ಹಣ್ಣು. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು ಒಂದೇ ದೋಸೆಗೆ ನಿಲ್ಲಿಸಿ, ಅಂದಿನ ಮುಂದಿನ ಊಟವನ್ನು ಹಗುರ ಮಾಡಿಕೊಳ್ಳಲಿ. ರಕ್ತದೊತ್ತಡದವರು ಖಾರ ಮಂಡಕ್ಕಿ, ಮಿರ್ಚಿಯ ಉಪ್ಪನ್ನು ನೆನಪಿಡಲಿ.

ಐದು ವರ್ಷದೊಳಗಿನ ಮಕ್ಕಳಿಗೆ ಮಂಡಕ್ಕಿ ಕೊಡುವಾಗ ಶೇಂಗಾ ಬೀಜವನ್ನು ಆರಿಸಿ ತೆಗೆಯಿರಿ. ಓಡುತ್ತ, ನಗುತ್ತ ತಿನ್ನುವಾಗ ಅದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಜಾರುತ್ತದೆ.

ಬಿಸಿಲು ತಾಗಿದಾಗ

ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಮಧ್ಯಾಹ್ನ 37-38 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಮಗು ಮಂಕಾಗಿ, ಬಾಯಿ ಒಣಗಿ, ಮೂತ್ರ ಕಡಿಮೆಯಾಗಿ ಹಳದಿಗಟ್ಟಿದರೆ ನೀರು ಸಾಲದಾಗಿದೆ ಎಂದರ್ಥ. ಮಜ್ಜಿಗೆ, ಎಳನೀರು ಒಳ್ಳೆಯದು. ವಾಂತಿಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಮೈ ಕೆಂಡದಂತಾಗಿ ಮಾತು ತಡವರಿಸಿದರೆ, ಪ್ರಜ್ಞೆ ತಪ್ಪಿದರೆ, ಅದು ಬಿಸಿಲಾಘಾತ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. "ಎರಡೇ ನಿಮಿಷ" ಎಂದು ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಬಿಟ್ಟು ಹೋಗಬೇಡಿ.

ಸಂಜೆ ಕೆರೆಯ ಏರಿ

ಬಿಸಿಲು ಇಳಿದ ಮೇಲೆ ಕುಂದವಾಡ ಕೆರೆಗೆ ಹೊರಡಿ. ಏರಿಯ ಮೇಲೆ ಎಲ್ಲ ವಯಸ್ಸಿನವರೂ ತಮ್ಮ ತಮ್ಮ ವೇಗದಲ್ಲಿ ನಡೆಯಬಹುದು. ಮಕ್ಕಳಿಗೆ ನೀರಹಕ್ಕಿಗಳು, ಹತ್ತಿರದಲ್ಲೇ ಗಾಜಿನ ಮನೆ. ಇದು ದಾವಣಗೆರೆಗೆ ಕುಡಿಯುವ ನೀರು ಕೊಡುವ ಕೆರೆ. ಪ್ಲಾಸ್ಟಿಕ್ ಚೀಲ, ಉಳಿದ ತಿಂಡಿಯನ್ನು ಅದಕ್ಕೆ ಎಸೆಯಬಾರದೆಂದು ಮಕ್ಕಳಿಗೆ ಅಲ್ಲೇ ಹೇಳಿಕೊಡಿ.

ಮರುದಿನ ಮೃಗಾಲಯ, ಇನ್ನೊಂದು ದಿನ ಕೊಂಡಜ್ಜಿ. ಉಳಿದದ್ದು ಮುಂದಿನ ರಜೆಗಿರಲಿ. ಅಜ್ಜನ ಮನೆಗೆ ನಗುತ್ತ ಬಂದ ಮಕ್ಕಳು ನಗುತ್ತಲೇ ಊರಿಗೆ ಮರಳಿದರೆ, ರಜೆ ಸಾರ್ಥಕವಾದಂತೆಯೇ.