ಏಲಕ್ಕಿಯ ಕಟ್ಟೆ ರೋಗ: ಕಾರಣ ಸಿಕ್ಕಿದ್ದು ಹೇಗೆ

ಏಲಕ್ಕಿ ಗಿಡದ ಎಳೆಯ ಎಲೆಯ ಮೇಲೆ ತಿಳಿ ಹಸಿರಿನ ಸಣ್ಣ ಗೆರೆಗಳು ಮೂಡುತ್ತವೆ. ಅವು ನಡುನರದಿಂದ ಅಂಚಿನವರೆಗೆ ಪಟ್ಟೆಗಳಾಗಿ ಹರಡುತ್ತವೆ. ಬರಬರುತ್ತ ಹೊಸ ಕಂದುಗಳು ಸಣ್ಣವಾಗುತ್ತವೆ, ಕಾಯಿ ಕಡಿಮೆಯಾಗುತ್ತದೆ, ಕೆಲವು ವರ್ಷಗಳಲ್ಲಿ ಇಡೀ ಬುಡವೇ ನಾಶವಾಗುತ್ತದೆ. ಇದೇ ಕಟ್ಟೆ ರೋಗ. ಕೊಡಗು, ಮಲೆನಾಡಿನ ತೋಟಗಳಲ್ಲಿ ಬಳಕೆಯಲ್ಲಿರುವ ಈ ಹೆಸರೇ ವಿಜ್ಞಾನದ ಪುಸ್ತಕಗಳಿಗೂ ಹೋಗಿದೆ.

ರೋಗದ ಪೆಟ್ಟು ತೋಟದಲ್ಲಿಯೇ ನಿಲ್ಲುವುದಿಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರಿನ ಬದುಕು ಬಹುಮಟ್ಟಿಗೆ ಏಲಕ್ಕಿಯನ್ನೇ ನಂಬಿದೆ. ಇಡುಕ್ಕಿಯ ಮಲೆಗಳ ಫಸಲು ಬೋಡಿಮೆಟ್ಟು ಘಾಟಿ ಇಳಿದು ಇಲ್ಲಿಗೆ ಬರುತ್ತದೆ. ಗಾತ್ರ, ಬಣ್ಣ ನೋಡಿ ಅದನ್ನು ಆರಿಸುವ ಕೂಲಿಯವರಿಂದ ಹಿಡಿದು ಸಾಂಬಾರ ಮಂಡಳಿಯ ಇ-ಹರಾಜಿನಲ್ಲಿ ಬೆಲೆ ಕೂಗುವ ವ್ಯಾಪಾರಿಗಳವರೆಗೆ ಎಲ್ಲರ ಪಾಲೂ ಗಿಡದ ಆರೋಗ್ಯದಲ್ಲಿದೆ.

ಸಮಸ್ಯೆ ಕಣ್ಣೆದುರೇ ಇದ್ದರೂ ಅದು ಏನೆಂದು ತಿಳಿಯುವುದು ಸುಲಭವಾಗಿರಲಿಲ್ಲ. ಎಲೆ ತಿಳಿಯಾದರೆ ಗೊಬ್ಬರ ಸಾಲದೆಂದೂ, ಇಳುವರಿ ಇಳಿದರೆ ಗಿಡಕ್ಕೆ ವಯಸ್ಸಾಯಿತೆಂದೂ ಯಾರಿಗಾದರೂ ಅನ್ನಿಸಬಹುದು. ಮೇಲಾಗಿ, ಸೋಂಕು ತಗುಲಿದ ಗಿಡದಲ್ಲಿ ಲಕ್ಷಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರೊಳಗೆ ಅದೇ ಬುಡದ ಕಂದುಗಳನ್ನು ಕಿತ್ತು ಹೊಸ ತೋಟದಲ್ಲಿ ನೆಟ್ಟಿದ್ದರೆ ರೋಗವೂ ಅಲ್ಲಿಗೆ ಹೋಗಿರುತ್ತದೆ. ತೋಟ ವಿಸ್ತರಿಸುವ ಕೆಲಸವೇ ರೋಗವನ್ನು ಹರಡುವ ಕೆಲಸವೂ ಆಗಿಬಿಡುತ್ತಿತ್ತು.

1945ರಲ್ಲಿ ಉಪ್ಪಲ್, ವರ್ಮ ಮತ್ತು ಕಪೂರ್ ಎಂಬ ವಿಜ್ಞಾನಿಗಳು ಇದು ವೈರಸ್ ರೋಗವೆಂದೂ, ಗಿಡದಿಂದ ಗಿಡಕ್ಕೆ ದಾಟಿಸುವುದು ಬಾಳೆಯ ಹೇನು ಎಂಬ ರಸ ಹೀರುವ ಕೀಟವೆಂದೂ ತೋರಿಸಿಕೊಟ್ಟರು. ರೋಗ ಬೀಜದಿಂದಾಗಲಿ ಮಣ್ಣಿನಿಂದಾಗಲಿ ಬರುವುದಿಲ್ಲವೆಂಬುದೂ ಖಚಿತವಾಯಿತು. ಪರಿಹಾರಕ್ಕೆ ದಾರಿ ತೆರೆದದ್ದು ಈ ‘ಬರುವುದಿಲ್ಲ’ ಎಂಬ ತಿಳಿವಳಿಕೆಯೇ. ಬೀಜ ಶುದ್ಧವಾಗಿರುವುದರಿಂದ ಕಂದಿನ ಬದಲು ಬೀಜದ ಸಸಿ ನೆಡಬಹುದು. ಆದರೆ ಸಸಿಮಡಿ ರೋಗದ ತೋಟದಿಂದ ದೂರವಿರಬೇಕು, ಇಲ್ಲವಾದರೆ ಹೇನು ಎಳೆಯ ಸಸಿಗೇ ಸೋಂಕು ತರುತ್ತದೆ.

ಹೇನು ಎಂದು ಗೊತ್ತಾದ ಕೂಡಲೇ ಔಷಧಿ ಹೊಡೆದರೆ ಮುಗಿಯಿತು ಎಂದುಕೊಳ್ಳುವುದು ಸಹಜ. ಅದು ಸಾಲಲಿಲ್ಲ. ಈ ಹೇನುಗಳು ಬುಡದ ಹಳೆಯ ಎಲೆಪೊರೆಗಳ ಒಳಗೆ ಅಡಗಿರುತ್ತವೆ. ರಸ ಹೀರಿದ ಸ್ವಲ್ಪ ಹೊತ್ತಿನಲ್ಲೇ ವೈರಸ್ಸನ್ನು ಇನ್ನೊಂದು ಗಿಡಕ್ಕೆ ದಾಟಿಸಿಯೂ ಬಿಡುತ್ತವೆ. ಆದ್ದರಿಂದ ತೋಟವನ್ನು ಆಗಾಗ ಸುತ್ತಿ, ಪಟ್ಟೆ ಕಂಡ ಬುಡವನ್ನು ಗೆಡ್ಡೆಸಮೇತ ಅಗೆದು ನಾಶಮಾಡುವುದೇ ಮುಖ್ಯ ಉಪಾಯವಾಯಿತು. ಇಲ್ಲಿ ಒಂದು ತಿದ್ದುಪಡಿಯೂ ಬಂತು. ಏಲಕ್ಕಿಯ ಹೇನು ಬಾಳೆಯದಕ್ಕಿಂತ ಬೇರೆಯೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಅದು ಆಶ್ರಯ ಪಡೆಯುವುದು ಕೆಸು ಮತ್ತು ಅದರ ಜಾತಿಯ ಗಿಡಗಳಲ್ಲಿ. ಹೀಗಾಗಿ ತೋಟದೊಳಗಿನ ಕಾಡುಕೆಸುವನ್ನು ಕೀಳುವುದು ರೋಗ ನಿಯಂತ್ರಣದ ಭಾಗವಾಯಿತು.

ಎಲ್ಲಕ್ಕಿಂತ ಜಾಣತನದ ಹೆಜ್ಜೆ ಬಂದದ್ದು ಪ್ರಶ್ನೆಯನ್ನೇ ತಿರುಗಿಸಿ ಕೇಳಿದಾಗ. ಕೆಲವು ತೋಟಗಳಲ್ಲಿ ಸುತ್ತಲಿನ ಬುಡಗಳೆಲ್ಲ ಹಾಳಾಗಿದ್ದರೂ ಒಂದೆರಡು ಹಸಿರಾಗಿಯೇ ನಿಂತಿದ್ದವು. ಗಿಡ ಯಾಕೆ ಸಾಯುತ್ತಿದೆ ಎನ್ನುವುದರ ಜೊತೆಗೆ ಇದು ಯಾಕೆ ಬದುಕಿತು ಎಂದೂ ಕೇಳಿದ ವಿಜ್ಞಾನಿಗಳು ಅಂಥ ಗಿಡಗಳನ್ನು ಆರಿಸಿ ತಂದು ಪರೀಕ್ಷಿಸಿದರು. ಮಡಿಕೇರಿ ಬಳಿಯ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದಿಂದ ಹೊರಬಂದ ‘ವಿಜೇತ’ ತಳಿ ಹೀಗೆ ಉಳಿದ ಗಿಡದಿಂದಲೇ ಹುಟ್ಟಿದ್ದು. ಬೆಳೆಗಾರರ ತೋಟವೇ ಇದಕ್ಕೆ ಪ್ರಯೋಗಶಾಲೆಯಾಗಿತ್ತು ಎಂಬುದನ್ನು ಮರೆಯಬಾರದು.

ಇಳುವರಿಯ ಸಮಸ್ಯೆಗೆ ಬೆಳೆಗಾರರೇ ಹುಡುಕಿದ ಪರಿಹಾರವೂ ಉಂಟು. ಇಡುಕ್ಕಿಯ ಕಟ್ಟಪ್ಪನದ ಕೃಷಿಕ ಕುಟುಂಬವೊಂದು ಆರಿಸಿ ಬೆಳೆಸಿದ ‘ಞಳ್ಳಾನಿ’ ತಳಿ ಅಧಿಕ ಇಳುವರಿಯಿಂದ ಆ ಮಲೆಗಳಲ್ಲೆಲ್ಲ ಹರಡಿತು. ಬೋಡಿನಾಯಕನೂರಿನ ಹರಾಜಿಗೆ ಬರುವ ಸರಕಿನಲ್ಲಿ ಅದರ ಪಾಲು ದೊಡ್ಡದು. ಆದರೆ ಞಳ್ಳಾನಿಯ ಗುಣ ಹಾಗೇ ಉಳಿಯಬೇಕಾದರೆ ಕಂದಿನಿಂದಲೇ ನೆಡಬೇಕು. ಇಳುವರಿಯ ಸಮಸ್ಯೆ ಬಗೆಹರಿಸಿದ ದಾರಿಯಲ್ಲೇ ಕಟ್ಟೆ ಮತ್ತೆ ಬರುವ ಅವಕಾಶವೂ ಇದೆ.

ಕಟ್ಟೆ ತಗುಲಿದ ಗಿಡವನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಕಂದು ತರುವವರು ತಾಯಿಗಿಡದ ಎಳೆಯ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಲಿ, ಒಂದು ಸಲವಲ್ಲ, ಕೆಲವು ತಿಂಗಳ ಅಂತರದಲ್ಲಿ ಹಲವು ಸಲ.